ಅತ್ತಿಗೆಯ ಲೋಟ

ಅನುಮಾನಪಡುವುದು ನನ್ನ ಹುಟ್ಟುಗುಣ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ನೋಡುವುದು ತರಕಾರಿಯನ್ನಲ್ಲ, ಅವನ ಹೆಬ್ಬೆರಳನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಕಾಯಿಲೆಯ ಕಾಲದಲ್ಲಿ ಮನೆಯವರಿಗೆ ಕಾಯಿಲೆಗಿಂತ ಹೆಚ್ಚು ಕಾಟ ಕೊಟ್ಟದ್ದು ಈ ಗುಣವೇ.

ಈಗ ನಾನು ತಿ. ನರಸೀಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಕೊರಳಲ್ಲಿ ವಿಸಿಲ್, ಬ್ಯಾಗಿನಲ್ಲಿ ಪೌಡರ್ ಡಬ್ಬಿ. ಡಬ್ಬಿಯಲ್ಲಿ ಪೌಡರ್ ಇಲ್ಲ, ದಮ್ಮಿನ ಪಂಪು ಇದೆ. ಹೋದ ತಿಂಗಳು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು, "ಇವ್ಳಿಗೆ ಓಡಕ್ಕಾಗಕಿಲ್ಲ ಮಿಸ್, ಎರಡು ಸುತ್ತಿಗೇ ಉಬ್ಬುಸ ಬತ್ತದೆ. ಆಟದಿಂದ ಬುಟ್ಬುಡಿ" ಎಂದರು. ನಾನು, "ಇವಳು ಎಲ್ಲಿ ಮಲಗ್ತಾಳೆ?" ಎಂದು ಕೇಳಿದೆ. ಆ ತಾಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಓಟಕ್ಕೂ ಹಾಸಿಗೆಗೂ ಏನು ಸಂಬಂಧ, ಈ ಮಿಸ್ಸಿಗೆ ತಲೆ ಸರಿ ಇದೆಯಾ ಎನ್ನುವ ನೋಟ ಅದು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಒಂದು ಕಾಲದಲ್ಲಿ ನಾನೇ ಹಾಗೆ ನೋಡಿದ್ದೆ. ಅವರಿಗೆ ಅಲ್ಲಿ ನಿಂತು ವಿವರಿಸಲು ನನಗೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನ ದಾರಿಯಿಂದ ಒಂದು ಮೈಲಿ ಒಳಗೆ. ತೊಂಬತ್ತರ ದಶಕದ ಕೊನೆಯ ಮಾತಿದು. ಅಪ್ಪ ಆಗಲೇ ಇರಲಿಲ್ಲ. ಮನೆಯಲ್ಲಿ ಅವ್ವ, ಅಣ್ಣ, ಹೆಡತಲೆ ಊರಿನಿಂದ ಬಂದ ಅತ್ತಿಗೆ ಚೆನ್ನಾಜಮ್ಮ, ನಾನು, ಮತ್ತೆ ರೇಷ್ಮೆ ಹುಳು. ಹುಳುವನ್ನು ಮನೆಮಂದಿಯ ಜೊತೆ ಸೇರಿಸಿ ಹೇಳಿದ್ದು ತಮಾಷೆಗಲ್ಲ. ಮನೆಯ ಹಿಂದಕ್ಕೆ ಅಂಟಿಸಿ ಕಟ್ಟಿದ್ದ ಹುಳುಮನೆಗೆ ನಮ್ಮೆಲ್ಲರಿಗಿಂತ ಮರ್ಯಾದೆ ಜಾಸ್ತಿ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಮೂರ್ನೇ ಜ್ವರ ಎದ್ದದಾ?" ಎಂದು ಬೀದಿಯವರೆಲ್ಲ ವಿಚಾರಿಸುತ್ತಿದ್ದರು. ನನಗೆ ನಿಜವಾದ ಜ್ವರ ಬಂದಾಗ ಒಬ್ಬರೂ ವಿಚಾರಿಸಲಿಲ್ಲ. ಹುಳುಮನೆಗೆ ಕಂಡವರು ಕಾಲಿಡುವಂತಿರಲಿಲ್ಲ, ಒಗ್ಗರಣೆ ವಾಸನೆ ತಾಗುವಂತಿರಲಿಲ್ಲ, ಮುಟ್ಟಾದ ಹೆಂಗಸು ಮೂರು ದಿನ ಹತ್ತಿರ ಸುಳಿಯುವಂತಿರಲಿಲ್ಲ. ಆ ಮೂರು ದಿನ ನನ್ನ ಚಾಪೆ ಹೊರಜಗಲಿಯ ಮೇಲೆ.

ನನಗೆ ಓಡುವ ಹುಚ್ಚು. ನರಸೀಪುರದ ಜೂನಿಯರ್ ಕಾಲೇಜಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ನನ್ನ ಓಟ ನೋಡಿ, "ಮಂಜುಳಾ, ನೀನು ಮೈಸೂರಿನಲ್ಲಿ ಪಿ.ಟಿ. ಟೀಚರ್ ಕೋರ್ಸು ಮಾಡು. ಆಯ್ಕೆ ದಿನ ಎಂಟುನೂರು ಮೀಟರ್ ಓಡಿ ತೋರಿಸಬೇಕು, ಅದೊಂದು ದಾಟಿದರೆ ನಿನ್ನ ಬದುಕು ನಿನ್ನ ಕೈಯಲ್ಲಿ" ಎಂದಿದ್ದರು. ಆ ಒಂದು ಮಾತನ್ನು ನಾನು ದಿನವೂ ಹಾಸಿಕೊಂಡು ಹೊದ್ದುಕೊಂಡು ಮಲಗುತ್ತಿದ್ದೆ. ಕೋರ್ಸು ಸಿಗದಿದ್ದರೆ ಮುಂದೇನು ಎನ್ನುವುದು ಗೊತ್ತೇ ಇತ್ತು. ಸೊಪ್ಪು ಕೊಯ್ಯುವುದು, ಹುಳು ಮೇಯಿಸುವುದು, ಯಾರೋ ಬಂದು ನೋಡಿ ಒಪ್ಪಿದರೆ ಇನ್ನೊಬ್ಬರ ಮನೆಯ ಹುಳು ಮೇಯಿಸುವುದು.

ಆ ವರ್ಷ ಚಳಿ ಶುರುವಾದಾಗ ಎರಡನೇ ಸುತ್ತಿನಲ್ಲಿ ನನ್ನ ಉಸಿರು ಕೈಕೊಟ್ಟಿತು. ಎದೆಗೆ ಯಾರೋ ಒದ್ದೆ ಬಟ್ಟೆ ಸುತ್ತಿ ಹಿಂಡಿದ ಹಾಗೆ. ಉಸಿರು ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರಲು ಒಪ್ಪುವುದಿಲ್ಲ. ನಾನು ಬಗ್ಗಿ ಶೂ ಲೇಸ್ ಕಟ್ಟುವಂತೆ ನಟಿಸುತ್ತಿದ್ದೆ. ಎಂಟು ದಿನ ನೋಡಿದ ಮೇಷ್ಟ್ರು, "ಏನಮ್ಮಾ, ನಿನ್ನ ಲೇಸು ದಿನಾ ಅದೇ ಜಾಗದಲ್ಲೇ ಬಿಚ್ಚಿಕೊಳ್ಳುತ್ತಲ್ಲ?" ಎಂದರು. ನಾನು ತಲೆ ಎತ್ತದೆ ಇನ್ನೊಂದು ಗಂಟು ಹಾಕಿದೆ. ಉತ್ತರ ಕೊಡಲು ಉಸಿರೂ ಇರಲಿಲ್ಲ.

ಮೊದಲು ನಾನು ಅನುಮಾನಪಟ್ಟಿದ್ದು ಅವರ ಸ್ಟಾಪ್ ವಾಚಿನ ಮೇಲೆ. ಸ್ನೇಹಿತೆಯ ಕೈಗಡಿಯಾರ ಇಸಿದುಕೊಂಡು ಹೋಲಿಸಿ ನೋಡಿದೆ. ಆಮೇಲೆ ಮೈದಾನದ ಮೇಲೆ. ಸುಣ್ಣದ ಗೆರೆಯನ್ನು ಆಚೆಗೆ ಎಳೆದು ಸುತ್ತು ದೊಡ್ಡದು ಮಾಡಿದ್ದಾರೆಂದು ಅನ್ನಿಸಿ, ಯಾರೂ ಇಲ್ಲದಾಗ ಹೆಜ್ಜೆ ಹಾಕಿ ಅಳೆದೆ. ನರಸೀಪುರದಲ್ಲಿ ತೋರಿಸಿದ ಮೊದಲ ಡಾಕ್ಟರು ಕಣ್ಣ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕಮ್ಮಿ ಎಂದು ಟಾನಿಕ್ ಬರೆದುಕೊಟ್ಟರು. ಅದನ್ನು ಬಿಸಿಲಿಗೆ ಹಿಡಿದು ನೋಡಿ, ಇದು ಬಣ್ಣ ಹಾಕಿದ ಬೆಲ್ಲದ ನೀರೇ ಸರಿ ಎಂದು ತೀರ್ಮಾನಿಸಿ, ಮೂರೇ ದಿನಕ್ಕೆ ಬಿಟ್ಟೆ.

ಅವ್ವನ ಹೆದರಿಕೆ ಬೇರೆ. "ದಮ್ಮು ಅಂತ ಊರಲ್ಲಿ ಗೊತ್ತಾದ್ರೆ ಯಾವನ್ ಬತ್ತಾನೆ ನಿನ್ನ ನೋಡಕ್ಕೆ? ಶೀತ ಅನ್ನು, ಸಾಕು" ಎಂದು ಬಾಯಿ ಕಟ್ಟಿದಳು. ಶೀತ ಎಂದ ಮೇಲೆ ಮದ್ದು ಬೆಚ್ಚಗಿರುವುದು. ನಮ್ಮ ಮನೆಯಲ್ಲಿ ಬೆಚ್ಚಗಿದ್ದ ಜಾಗ ಒಂದೇ. ಅತ್ತಿಗೆಯೇ ಮುಂದೆ ಬಂದು, "ನಡುಮನೇಲಿ ಚಳಿ ಕಣತ್ತೆ. ಮಂಜಿ ಉಳುಮನೇಲಿ ಮನೀಕಳ್ಳಿ, ಇದ್ಲು ಒಲೆ ಇರ್ತದೆ. ನಾನಿರೋ ಮೂಲೆ ಅವಳ್ಗೇ ಇರ್ಲಿ" ಎಂದಳು. ತಾನು ತನ್ನ ಚಾಪೆಯನ್ನು ಬಾಗಿಲ ಬಳಿಗೆ ಎಳೆದುಕೊಂಡಳು. ನನಗೆ ಅದೂ ಅನುಮಾನವೇ. ಇಷ್ಟು ಪ್ರೀತಿ ಯಾಕೆ ಉಕ್ಕಿತು? ಬೆಳಗಿನ ಜಾವದ ಸೊಪ್ಪು ಹಾಕಲು ಒಂದು ಜೊತೆ ಕೈ ಹತ್ತಿರದಲ್ಲೇ ಇರಲಿ ಅಂತಲೇ?

ಅಂದಿನಿಂದ ದಿನಾ ಸಂಜೆ ಅತ್ತಿಗೆ ಒಂದು ಲೋಟ ತಂದುಕೊಡತೊಡಗಿದಳು. ಬಿಸಿ ಹಾಲಿಗೆ ಮೆಣಸು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ ಹಾಕಿ ಕುದಿಸಿದ್ದು. ನಾನು ಕುಡಿಯುವವರೆಗೆ ಎದುರಿಗೇ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದಳು. ನಡುನಡುವೆ ಕೆಮ್ಮುತ್ತಿದ್ದಳು. ನಾನು ಕಾಲೇಜಿನಿಂದ ಬಂದು ಶೂ ಬಿಚ್ಚುವಾಗಲೂ ಒಳಗಿನಿಂದ ಆ ಕೆಮ್ಮು ಕೇಳಿಸುತ್ತಿತ್ತು. ಓಡಿ ಬಂದಳು ಮಹಾರಾಣಿ, ಕೆಲಸವೆಲ್ಲ ನನ್ನ ತಲೆಗೆ ಎಂದು ಹಂಗಿಸುವ ಕೆಮ್ಮು ಅದೆಂದು ನನಗೆ ಖಾತ್ರಿಯಾಗಿತ್ತು.

ಬೆಚ್ಚಗೆ ಮಲಗಿದೆ, ಲೋಟ ಕುಡಿದೆ, ದಮ್ಮು ಮಾತ್ರ ಹೆಚ್ಚುತ್ತಲೇ ಹೋಯಿತು.

ಮೇಷ್ಟ್ರು ಒಂದು ಹಳೇ ಡೈರಿ ಕೊಟ್ಟು, ದಿನಾ ಎರಡು ಸುತ್ತಿನ ಹೊತ್ತು ಬರೆದಿಡು ಎಂದಿದ್ದರು. ನಾನು ಹೊತ್ತಿನ ಜೊತೆ ಏನು ತಿಂದೆ, ಎಷ್ಟು ನಿದ್ದೆ, ಯಾರು ಎದುರಿಗೆ ಸಿಕ್ಕಿದರು ಎನ್ನುವುದನ್ನೂ ಬರೆಯುತ್ತಿದ್ದೆ. ಯಾರ ಕಣ್ಣು ತಾಗಿತು ಎಂದು ಹಿಡಿಯಬೇಕಲ್ಲ! ಮುಟ್ಟಿನ ದಿನಗಳಿಗೆ ಒಂದು ಕೆಂಪು ಚುಕ್ಕೆ. ಆ ದಿನ ಹುಡುಗಿಯರು ಮೈದಾನಕ್ಕೆ ಬರಬಾರದು, ಬಂದರೂ ಓಡಲಾಗದು ಎಂದು ಎಲ್ಲರೂ ನಂಬಿದ್ದರು. ನಾನು ಬಾಯಿಬಿಡದೆ ಹೋಗಿ ಓಡುತ್ತಿದ್ದೆ.

ಮೂರನೇ ತಿಂಗಳ ಕೊನೆಗೆ ಡೈರಿ ತಿರುವಿ ಹಾಕಿದೆ. ಕೆಂಪು ಚುಕ್ಕೆ ಇದ್ದ ಕಡೆಯೆಲ್ಲ ನನ್ನ ಓಟ ಚೆನ್ನಾಗಿತ್ತು. ಮೊದಲ ಚುಕ್ಕೆಯ ದಿನ ಸ್ವಲ್ಪ ಮೇಲು, ಮೂರನೇ ಚುಕ್ಕೆಯ ದಿನ ಹಳೇ ಮಂಜುಳಾಳ ಓಟ. ನಾಲ್ಕು ದಿನ ಕಳೆದರೆ ಮತ್ತೆ ಲೇಸು ಕಟ್ಟುವ ಗತಿ. ಹೊಟ್ಟೆನೋವು ಇಟ್ಟುಕೊಂಡು, ಹೊರಜಗಲಿಯ ಚಳಿಯಲ್ಲಿ ಮಲಗಿ ಎದ್ದು ನಾನು ಚೆನ್ನಾಗಿ ಓಡುತ್ತಿದ್ದೇನೆ ಎಂದರೆ ಏನರ್ಥ?

ಅರ್ಥ ನನಗೆ ಮಿಂಚಿನಂತೆ ಹೊಳೆಯಿತು. ಆ ಮೂರು ದಿನ ಅತ್ತಿಗೆ ನನ್ನ ಹತ್ತಿರ ಬರುತ್ತಿರಲಿಲ್ಲ. ನನ್ನನ್ನು ಮುಟ್ಟಿದರೆ ಅವಳು ತಲೆಗೆ ನೀರು ಹಾಕಿಕೊಳ್ಳದೆ ಹುಳುಮನೆಗೆ ಹೋಗುವಂತಿಲ್ಲ. ಹಾಗಾಗಿ ಆ ಮೂರು ದಿನ ಲೋಟ ಇಲ್ಲ. ಲೋಟ ಇದ್ದರೆ ದಮ್ಮು, ಇಲ್ಲದಿದ್ದರೆ ಓಟ! ನಾನು ಮೈಸೂರಿಗೆ ಹೋದರೆ ಹುಳುವಿನ ಕೆಲಸವೆಲ್ಲ ಅವಳೊಬ್ಬಳ ಮೇಲೆ ಬೀಳುತ್ತದೆ. ಅದಕ್ಕೇ ಏನೋ ಹಾಕುತ್ತಿದ್ದಾಳೆ.

ಮಾರನೆಯ ದಿನದಿಂದ ಲೋಟ ಇಸಿದುಕೊಂಡು, ಆರಲಿ ಕುಡಿಯುತ್ತೇನೆ ಎಂದು ಅವಳನ್ನು ಕಳಿಸಿ, ಹುಳುವಿನ ಹಿಕ್ಕೆ ಹಾಕುವ ಗುಂಡಿಗೆ ಸುರಿದೆ. ವಾರ ಕಳೆದರೂ ದಮ್ಮು ಹೋಗಲಿಲ್ಲ. ಸರಿಯಾಗಿ ಯೋಚಿಸುವವಳಾಗಿದ್ದರೆ ಅಲ್ಲಿಗೇ ನನ್ನ ಅನುಮಾನ ಬಿದ್ದುಹೋಗಬೇಕಿತ್ತು. ನಾನು ಯೋಚಿಸಿದ್ದು ಹೀಗೆ: ಸುರಿಯುವುದು ಅವಳಿಗೆ ಗೊತ್ತಾಗಿದೆ, ಈಗ ಸಾರಿಗೆ ಹಾಕುತ್ತಿದ್ದಾಳೆ. ಅದೇ ಸಾರನ್ನು ಮನೆಯವರೆಲ್ಲ ಉಣ್ಣುತ್ತಿದ್ದರು ಎನ್ನುವುದು ನನ್ನ ತಲೆಗೇ ಬರಲಿಲ್ಲ.

ಆಯ್ಕೆಗೆ ಐದು ವಾರ ಇತ್ತು. ಒಂದು ಸಂಜೆ ಬಸ್ಸಿಳಿದು ಮನೆಗೆ ನಡೆಯುವಷ್ಟರಲ್ಲೇ ಎರಡು ಕಡೆ ಕೂರಬೇಕಾಯಿತು. ಮನೆಗೆ ಬಂದರೆ ಅಣ್ಣ, ಅವ್ವ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಅತ್ತಿಗೆ ಲೋಟ ಹಿಡಿದು ಬಂದಳು. ನನಗೆ ತಡೆಯಲಾಗಲಿಲ್ಲ.

"ಇದ್ರಲ್ಲಿ ಏನ್ ಹಾಕ್ತಿದ್ದೀಯ ಹೇಳು" ಎಂದು ಕಿರುಚಿದೆ. "ನಾನು ಮೈಸೂರಿಗೆ ಹೋಗ್ಬಾರ್ದು ಅಂತ ತಾನೆ? ನಂಗೆಲ್ಲಾ ಗೊತ್ತಾಗಿದೆ. ಬರ್ದಿಟ್ಟಿವ್ನಿ."

ಅಣ್ಣನ ಕೈಯ ಕಡ್ಡಿ ಹಾಗೇ ನಿಂತಿತು. ಅವ್ವ, "ಏ ಮಂಜಿ, ಬಾಯಿ ಮುಚ್ಚೇ!" ಎಂದಳು. ಅತ್ತಿಗೆ ಲೋಟವನ್ನೊಮ್ಮೆ ನೋಡಿದಳು. ಹಬೆಯಾಡುತ್ತಿದ್ದ ಹಾಲನ್ನು ನಿಂತ ಹಾಗೇ ಗಟಗಟ ಕುಡಿದಳು. ಬಾಯಿ ಸುಟ್ಟಿರಬೇಕು, ಕಣ್ಣಲ್ಲಿ ನೀರು ಬಂತು. ಖಾಲಿ ಲೋಟವನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದಳು. ಒಳಗಿನಿಂದ ಕೆಮ್ಮು ಕೇಳಿಸಿತು. ನೋಡಿದಿರಾ, ಈಗಲೂ ಹಂಗಿಸುತ್ತಿದ್ದಾಳೆ ಎಂದುಕೊಂಡೆ. ನನ್ನ ಆಗಿನ ಮನಸ್ಸನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಣ್ಣ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ನನ್ನ ಉಗುರು ನೀಲಿಗಟ್ಟಿದ್ದು ನೋಡಿ, ಅವ್ವನನ್ನೂ ಹೊರಡಿಸಿ, ನಮ್ಮಿಬ್ಬರನ್ನೂ ನಂಜನಗೂಡಿನ ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ಸಿಕ್ಕ ಪರಿಚಯದವರಿಗೆ ಅವ್ವ, "ಮಗೀಗೆ ಕಣ್ಣು ತೋರ್ಸಕ್ಕೆ" ಎಂದಳು. ನಾನು ಪಕ್ಕದಲ್ಲೇ ಸಿಳ್ಳೆ ಹೊಡೆಯುವ ಕೆಟಲಿನಂತೆ ಕೂತಿದ್ದೆ.

ಅಲ್ಲಿ ಒಬ್ಬ ಡಾಕ್ಟರಮ್ಮನ ಕ್ಲಿನಿಕ್ಕಿನ ಬೆಂಚಿನಲ್ಲಿ ಮೂರು ಗಂಟೆ ಕಾದೆವು. ಬೆಂಚಿನ ಒಂದು ಕಾಲು ಗಿಡ್ಡ, ಯಾರಾದರೂ ಕೆಮ್ಮಿದರೆ ಎಲ್ಲರೂ ಅಲ್ಲಾಡುತ್ತಿದ್ದೆವು. ಪಕ್ಕದಲ್ಲಿದ್ದ ಅಜ್ಜ ನನ್ನ ಎದೆಯ ಸದ್ದು ಕೇಳಿ, "ಪಂಪು ಕೊಟ್ರೆ ಈಸ್ಕೋಬೇಡ ಕಣವ್ವ. ಒಂದ್ಸಲ ಇಡುದ್ರೆ ಸಾಯಗಂಟ ಬುಡಾಕಿಲ್ಲ" ಎಂದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಆ ಅಜ್ಜನೇ ಆಮೇಲೆ ತನ್ನ ಸರದಿ ಬಂದಾಗ, "ನೀ ಮೊದ್ಲು ಓಗು, ನಂದೇನು ಹಳೇ ಗಾಡಿ" ಎಂದು ನನ್ನನ್ನು ಮುಂದೆ ಕಳಿಸಿದ. ನನ್ನ ಕಾಯಿಲೆಯಲ್ಲಿ ಅನುಮಾನಪಡದೆ ನಾನು ತೆಗೆದುಕೊಂಡ ಮೊದಲ ಉಪಕಾರ ಅದು.

ಡಾಕ್ಟರಮ್ಮ ಉಸಿರಿನ ಬಲ ಅಳೆಯುವ ಮುಳ್ಳಿನ ಕೊಳವೆಯೊಂದನ್ನು ಕೊಟ್ಟು ಜೋರಾಗಿ ಊದು ಎಂದರು. ಮುಳ್ಳು ಒಂದಿಷ್ಟು ಸರಿದು ಸುಮ್ಮನಾಯಿತು. ಅವರು ತುಟಿ ಬಿಗಿಹಿಡಿದರು. ನಾನು ನನ್ನ ಸಾಕ್ಷಿಯನ್ನು, ಅಂದರೆ ಡೈರಿಯನ್ನು, ಅವರ ಮುಂದಿಟ್ಟೆ. ಅವರು ಅವಸರ ಮಾಡದೆ ಹಾಳೆ ಹಾಳೆ ನೋಡಿದರು.

"ಈ ಕೆಂಪು ಚುಕ್ಕೆ ಏನು?"

ನಾನು ತಲೆ ತಗ್ಗಿಸಿದೆ. ಅವರಿಗೆ ಅರ್ಥವಾಯಿತು. ಅವ್ವನನ್ನು ಹೊರಗೆ ಕೂರಲು ಹೇಳಿದರು. ನಾನು ಲೋಟದ ವಿಷಯವನ್ನೆಲ್ಲ ಒಂದೇ ಉಸಿರಿಗೆ ಅಲ್ಲದಿದ್ದರೂ ಹತ್ತು ಉಸಿರಿಗೆ ಹೇಳಿ ಮುಗಿಸಿದೆ. ಅವರು ನಗಲಿಲ್ಲ.

"ಸರಿ, ಆ ಮೂರು ದಿನ ಲೋಟ ಇಲ್ಲ. ಇನ್ನೇನೇನು ಇಲ್ಲ?"

"ಅಡಿಗೆಮನೆಗೆ ಹೋಗಲ್ಲ, ಡಾಕ್ಟ್ರೆ. ದೇವರ ಮನೆಗೆ ಹೋಗಲ್ಲ."

"ಎಲ್ಲಿ ಮಲಗ್ತೀಯ?"

ಇವರಿಗೆ ತಲೆ ಸರಿ ಇದೆಯಾ ಎಂದು ನಾನು ನೋಡಿದೆ. "ಹೊರಜಗಲೀಲಿ."

"ಬೇರೆ ದಿನ?"

"ಹುಳುಮನೇಲಿ. ಬೆಚ್ಚಗಿರುತ್ತೆ. ಕಿಟಕಿಗೆಲ್ಲ ಗೋಣಿಚೀಲ ಕಟ್ಟಿರ್ತೀವಿ, ಇದ್ದಿಲ ಒಲೆ..." ಎನ್ನುತ್ತಾ ಅರ್ಧದಲ್ಲೇ ನನ್ನ ಮಾತು ನಿಂತಿತು.

ಅವರು ಡೈರಿ ಮುಚ್ಚಿ ನನ್ನ ಕಡೆ ತಳ್ಳಿದರು. ಆಮೇಲೆ ಹೇಳಿದರು: ಹುಳುವಿನ ಪೊರೆ, ಹಿಕ್ಕೆಯ ಧೂಳು, ಹುಳು ಮೇಯುವ ತಟ್ಟೆಗೆ ಉದುರಿಸುವ ಸುಣ್ಣದ ಪುಡಿ, ಇದ್ದಿಲ ಹೊಗೆ, ಎಲ್ಲವನ್ನೂ ನಾನು ಬಾಗಿಲು ಮುಚ್ಚಿಕೊಂಡು ಇಡೀ ರಾತ್ರಿ ಎಳೆದುಕೊಳ್ಳುತ್ತಿದ್ದೆ. ಕೆಲವರ ಎದೆಗೆ ಅದು ಒಗ್ಗುವುದಿಲ್ಲ. "ನಿನ್ನ ಡೈರಿ ಸುಳ್ಳು ಹೇಳಿಲ್ಲ ಮಂಜುಳಾ, ನೀನು ಓದಿದ್ದು ತಪ್ಪು" ಎಂದರು. ಹಾಲಿನಲ್ಲಿ ಮೆಣಸು, ಅರಿಶಿನ ಬಿಟ್ಟು ಏನೂ ಇರಲಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಪಂಪು ಕೊಟ್ಟರು. ಅವ್ವ ಅದನ್ನು ಸೀರೆಯ ಮಡಿಲಿಗೆ ತುರುಕಿಕೊಂಡಳು. ಮನೆಗೆ ಬಂದ ಮೇಲೆ ಪೌಡರ್ ಡಬ್ಬಿ ಖಾಲಿ ಮಾಡಿ ಅದರಲ್ಲಿಟ್ಟಳು. ನನ್ನ ಚಾಪೆ ಹೊರಜಗಲಿಗೆ ಬಂತು. ತಿಂಗಳಿಡೀ ಮುಟ್ಟಾದವಳೇನೇ ಎಂದು ಬೀದಿಯ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಕಿವಿ ಮುಚ್ಚಿಕೊಂಡೆ. ಎರಡೇ ವಾರಕ್ಕೆ ನನ್ನ ಉಸಿರು ನನಗೆ ಸಿಕ್ಕಿತು.

ಆಯ್ಕೆಯ ದಿನ ಮೈದಾನದ ಗೋಡೆಯ ಹಿಂದೆ ಹೋಗಿ ಪಂಪು ಎಳೆದುಕೊಂಡೆ. ಯಾರಾದರೂ ನೋಡಿದರೆ ಮತ್ತಿನ ಔಷಧಿ ಎಂದು ಓಡಲು ಬಿಡಲಾರರು ಎಂಬ ಅನುಮಾನ. ಕೈಯಲ್ಲಿ ಪೌಡರ್ ಡಬ್ಬಿ ನೋಡಿದ ಹುಡುಗಿಯರು, "ಓಟಕ್ಕೂ ಮೇಕಪ್ಪಾ?" ಎಂದು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಎರಡನೇ ಸುತ್ತಿನಲ್ಲಿ ಎದೆ ಬಿಗಿಯಿತು, ಆದರೆ ಬಿಗಿದುಕೊಂಡೇ ಜೊತೆಗೆ ಬಂತು. ಮೊದಲಿಗಳಾಗಲಿಲ್ಲ, ಏಳನೆಯವಳಾದೆ. ಸೀಟು ಸಿಗಲು ಅಷ್ಟು ಸಾಕಾಯಿತು.

ಅತ್ತಿಗೆಯ ಹತ್ತಿರ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಮೈಸೂರಿಗೆ ಹೊರಡುವ ಹಿಂದಿನ ದಿನ ಸುತ್ತಿ ಬಳಸಿ, "ಅತ್ತಿಗೆ, ಇವತ್ತೊಂದು ಲೋಟ ಹಾಲು ಮಾಡ್ಕೊಡ್ತೀಯಾ?" ಎಂದೆ.

ಅವಳು ಹುಳುವಿನ ತಟ್ಟೆಯಿಂದ ಕಣ್ಣೆತ್ತದೆ, "ಬ್ಯಾಡ ಕಣವ್ವ. ಅದ್ರಲ್ಲಿ ಇಸ ಇರ್ತದೆ" ಎಂದಳು.

ಕೋರ್ಸು ಮುಗಿಯಿತು, ಕೆಲಸ ಸಿಕ್ಕಿತು, ನರಸೀಪುರದಲ್ಲಿ ರೂಮು ಮಾಡಿದೆ. ಐದಾರು ವರ್ಷ ಹಬ್ಬಕ್ಕೆ ಹುಣ್ಣಿಮೆಗೆ ಊರಿಗೆ ಹೋದಾಗಲೆಲ್ಲ ಬಾಗಿಲಲ್ಲಿ ಶೂ ಬಿಚ್ಚುವಾಗ ಒಳಗಿನಿಂದ ಅದೇ ಕೆಮ್ಮು. ಇನ್ನೂ ಕ್ಷಮಿಸಿಲ್ಲ, ಕೆಮ್ಮಿಯೇ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಒಂದು ಸಲ ಯುಗಾದಿಗೆ ಹೋಗಿದ್ದೆ. ಬಸ್ಸಿಳಿದು ನಡೆಯುವಾಗ ಮುಂದೆ ಅತ್ತಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದಳು. ನನ್ನನ್ನು ಅವಳು ನೋಡಿರಲಿಲ್ಲ. ಹುಣಸೆಮರದ ಹತ್ತಿರ ಹೊರೆಯನ್ನು ಗೋಡೆಗೆ ಆನಿಸಿ, ತಲೆಯ ಸಿಂಬಿ ಸರಿಮಾಡಿಕೊಂಡಳು. ಮತ್ತೆ ಹೊತ್ತಳು. ಐವತ್ತು ಹೆಜ್ಜೆಗೆ ಕಲ್ಲಿನ ಹತ್ತಿರ ನಿಂತಳು, ಸಿಂಬಿ ಸರಿಮಾಡಿಕೊಂಡಳು. ಮತ್ತೆ ಐವತ್ತು ಹೆಜ್ಜೆ. ಮತ್ತೆ ಸಿಂಬಿ.

ಸಿಂಬಿ ಸರಿಯಾಗೇ ಇತ್ತು. ಆ ನಟನೆಯನ್ನು ಮೈದಾನದಲ್ಲಿ ದಿನವೂ ಮಾಡಿದವಳು ನಾನು. ಹತ್ತಿರ ಹೋಗಿ ನಿಂತೆ. ಅವಳ ಭುಜ ಕಿವಿಯವರೆಗೆ ಏರಿ ಇಳಿಯುತ್ತಿತ್ತು, ಎದೆಯೊಳಗೆ ಸಣ್ಣಗೆ ಸಿಳ್ಳೆ.

"ಅತ್ತಿಗೆ, ಎಷ್ಟು ದಿನದಿಂದ ಹೀಗೆ?"

"ಏನ್ ಇಂಗೆ? ಸಿಂಬಿ ಜಾರ್ತು ಕಣವ್ವ."

ಮಾರನೇ ದಿನವೇ ನಂಜನಗೂಡಿಗೆ ಎಳೆದುಕೊಂಡು ಹೋದೆ. "ನಾನೇನ್ ಓಡ್ಬೇಕಾ, ಓಟಕ್ಕೆ ಸೇರ್ಕಬೇಕಾ?" ಎಂದು ದಾರಿಯುದ್ದಕ್ಕೂ ಗೊಣಗಿದಳು. ಅದೇ ಡಾಕ್ಟರಮ್ಮ, ಅದೇ ಕೊಳವೆ. ಅತ್ತಿಗೆ ಊದಿದಳು. ಮೊದಲ ದಿನ ನಾನು ಊದಿದಾಗ ಮುಳ್ಳು ಎಲ್ಲಿ ನಿಂತಿತ್ತು ಎನ್ನುವುದು ನನಗೆ ಬಾಯಿಪಾಠ. ಅವಳ ಮುಳ್ಳು ಅಲ್ಲಿಗೂ ಬರಲಿಲ್ಲ.

"ಎಷ್ಟು ವರ್ಷದಿಂದ ಅಮ್ಮಾ ಈ ಕೆಮ್ಮು?"

"ಈ ಮನೇಗೆ ಬಂದ ಎರಡ್ನೇ ವರ್ಸದಿಂದ."

"ಯಾರಿಗೂ ಹೇಳಲಿಲ್ವಾ?"

ಅತ್ತಿಗೆ ನನ್ನ ಕಡೆ ನೋಡಲಿಲ್ಲ. "ಇವ್ಳಿಗೆ ಓಟ ಇತ್ತು, ಗೊತ್ತಾಯ್ತು. ನಂಗೇನಿತ್ತು?"

ನನ್ನ ಉಸಿರಿಗೆ ಮೇಷ್ಟ್ರಿದ್ದರು, ಸ್ಟಾಪ್ ವಾಚಿತ್ತು, ಡೈರಿಯಿತ್ತು. ಅದೇ ಹುಳುಮನೆಯಲ್ಲಿ, ನನಗೆ ಬೆಚ್ಚಗಿನ ಮೂಲೆ ಬಿಟ್ಟುಕೊಟ್ಟು ಬಾಗಿಲ ಬಳಿ ಮಲಗಿದವಳ ಉಸಿರನ್ನು ಒಬ್ಬರೂ ಅಳೆಯಲಿಲ್ಲ. ಕಾರಣ ಗೊತ್ತಾದ ಮೇಲೂ ನನ್ನ ಚಾಪೆಯನ್ನು ಮಾತ್ರ ಹೊರಗೆ ತಂದುಕೊಂಡೆ. ಜಗತ್ತಿನಲ್ಲಿ ಎಲ್ಲದರ ಮೇಲೂ ಅನುಮಾನಪಟ್ಟ ನಾನು ಆ ಕೆಮ್ಮು ಬರೀ ಕೆಮ್ಮಿರಬಹುದು ಎಂದು ಒಂದು ದಿನವೂ ಅನುಮಾನಪಡಲಿಲ್ಲ.

ಈಗ ಹುಳುಮನೆ ಹೊಲದ ಹತ್ತಿರ ಬೇರೆಯಾಗಿದೆ. ಅಣ್ಣ ಮೂಗಿಗೆ ಟವೆಲ್ ಕಟ್ಟಿಕೊಂಡು ತಾನೇ ಮೇಯಿಸುತ್ತಾನೆ. ಅತ್ತಿಗೆಗೂ ಒಂದು ಪಂಪು ಇದೆ. ಅವಳು ಅದನ್ನು ಡಬ್ಬಿಯಲ್ಲಿ ಬಚ್ಚಿಡುವುದಿಲ್ಲ, ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲೇ ಇಡುತ್ತಾಳೆ.

ಅತ್ತಿಗೆಯ ಜೊತೆ ಕ್ಲಿನಿಕ್ಕಿನಿಂದ ಬಂದ ಆ ಸಂಜೆ ನಾನೇ ಹಾಲು ಕಾಯಿಸಿ, ಮೆಣಸು, ಅರಿಶಿನ, ಬೆಳ್ಳುಳ್ಳಿ ಹಾಕಿ ಕುದಿಸಿ, ಅದೇ ಲೋಟಕ್ಕೆ ಬಗ್ಗಿಸಿ ತಂದೆ. ಅತ್ತಿಗೆ ಹೊರಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಲೋಟ ತೆಗೆದುಕೊಳ್ಳಲಿಲ್ಲ. ನನ್ನ ಮುಖ ನೋಡಿದಳು, ಲೋಟ ನೋಡಿದಳು.

"ಏನ್ ಹಾಕಿದ್ದೀಯೇ ಇದ್ರಲ್ಲಿ?" ಎಂದಳು.

ನಾನು ನಿಂತ ಹಾಗೇ ಅರ್ಧ ಲೋಟ ಕುಡಿದೆ. ಬಾಯಿ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಉಳಿದ ಅರ್ಧ ಅವಳಿಗೆ ಕೊಟ್ಟು, ಅವಳು ಕುಡಿಯುವವರೆಗೆ ಎದುರಿಗೇ ಕುಕ್ಕರಗಾಲಿನಲ್ಲಿ ಕೂತೆ.